ಒದೆಯುವ ಗನ್ನಿನ ಪರವಾಗಿ

ಬಿಜಿಎಂಐ ಆಟದ ಬಂದೂಕುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ರೂಪುಗೊಂಡಿರುವುದು ಎಸ್‌ಎಲ್‌ಆರ್ ಎಂಬುದು ನನ್ನ ಅಭಿಪ್ರಾಯ. ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನ ಹುಡುಗರ ಮುಂದೆ ಹೀಗಂದರೆ ಸ್ಕ್ವಾಡಿನಲ್ಲಿ ಒಬ್ಬನೂ ಒಪ್ಪುವುದಿಲ್ಲ. "ಎಸ್ಸೆಲ್ಲಾರ್ ಬ್ಯಾಡಪ, ಭಾಳ ಒದಿತೈತಿ. ಮಿನಿ ಸಿಕ್ರ ಹೇಳು" ಅನ್ನುತ್ತಾರೆ. ಅವರು ದೂರುವ ಆ ಒದೆತವೇ ಈ ಗನ್ನಿನ ದೊಡ್ಡ ಗುಣ ಎಂದು ವಾದಿಸುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಆಟ ಆಡದವರಿಗೆ ಒಂದೆರಡು ಮಾತು. 2018ರಲ್ಲಿ ಮೊಬೈಲಿಗೆ ಬಂದ ಪಬ್ಜಿಯನ್ನು 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು. ಕೊರಿಯಾದ ಕ್ರಾಫ್ಟನ್ ಕಂಪನಿ 2021ರ ಜುಲೈನಲ್ಲಿ ಅದನ್ನೇ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ (ಬಿಜಿಎಂಐ) ಎಂಬ ಹೆಸರಿನಲ್ಲಿ ಮರಳಿ ತಂದಿತು. 2022ರ ಜುಲೈನಲ್ಲಿ ಅದೂ ಸ್ಟೋರುಗಳಿಂದ ಮರೆಯಾಗಿ, 2023ರ ಮೇ ತಿಂಗಳಲ್ಲಿ ವಾಪಸಾಯಿತು. ಇಷ್ಟೆಲ್ಲ ಆದರೂ ಹಳ್ಳಿಗಳಲ್ಲಿ ಅದರ ಹೆಸರು ಇವತ್ತಿಗೂ ಪಬ್ಜಿಯೇ.

ಎಸ್‌ಎಲ್‌ಆರ್ ಈ ಆಟದಲ್ಲಿ ಡಿಎಂಆರ್ ಎಂಬ ಗುಂಪಿಗೆ ಸೇರುತ್ತದೆ. ಒಮ್ಮೆ ಒತ್ತಿದರೆ ಒಂದೇ ಗುಂಡು. ಬೆರಳೆತ್ತಿ ಮತ್ತೆ ಒತ್ತಬೇಕು. ಎಂ416 ಎಂಬ ಗನ್ ಹಿಡಿದವನು ಬಟನ್ ಅದುಮಿಟ್ಟುಕೊಂಡು ಗುಂಡಿನ ಮಳೆ ಸುರಿಸಬಹುದು. ಎಸ್‌ಎಲ್‌ಆರ್ ಹಿಡಿದವನಿಗೆ ಆ ಅನುಕೂಲವಿಲ್ಲ. ಅವನ ಮ್ಯಾಗಜಿನ್‌ನಲ್ಲಿರುವುದು ಹತ್ತೇ ಗುಂಡು. ಸ್ಪರ್ಧೆಗಿರುವ ಮಿನಿ14ರಲ್ಲಿ ಇಪ್ಪತ್ತಿರುತ್ತವೆ. ಅದರ ಒದೆತವೂ ಕಡಿಮೆ, ಗುಂಡಿನ ವೇಗವೂ ಹೆಚ್ಚು. ಆದರೆ ಪೆಟ್ಟಿನ ಲೆಕ್ಕ ಬೇರೆ. ಆಟಗಾರನ ಜೀವ 100. ಎಸ್‌ಎಲ್‌ಆರ್ ಗುಂಡಿನ ಮೂಲ ಪೆಟ್ಟು 58, ಮಿನಿಯದು 46. ಅಪ್‌ಡೇಟ್ ಬಂದಾಗ ಈ ಅಂಕಿಗಳು ಚೂರುಪಾರು ಬದಲಾಗುವುದುಂಟು. ಎರಡನೇ ಲೆವೆಲ್ಲಿನ ಜಾಕೆಟ್ ನೂರಕ್ಕೆ 40ರಷ್ಟು ಪೆಟ್ಟನ್ನು ತಡೆಯುತ್ತದೆ. ಅಂದರೆ ಅಂಥ ಜಾಕೆಟ್ ತೊಟ್ಟವನನ್ನು ಬೀಳಿಸಲು ಎಸ್‌ಎಲ್‌ಆರ್‌ಗೆ ಮೂರು ಗುಂಡು ಸಾಕು, ಮಿನಿಗೆ ನಾಲ್ಕು ಬೇಕು.

ಈ ಒಂದು ಗುಂಡಿನ ಉಳಿತಾಯಕ್ಕೆ ಆಟ ಕೇಳುವ ಬೆಲೆ ತಾಳ್ಮೆ. ಪ್ರತಿ ಹೊಡೆತಕ್ಕೂ ಸ್ಕೋಪ್ ಮೇಲಕ್ಕೆ ಜಿಗಿಯುತ್ತದೆ. ಅದು ಕೆಳಗಿಳಿದು ಗುರಿಯ ಮೇಲೆ ಕೂರುವ ತನಕ ಕಾಯಬೇಕು. ಅವಸರದಲ್ಲಿ ಒತ್ತಿದವನ ಎರಡನೇ ಗುಂಡು ಆಕಾಶಕ್ಕೇ. ಗುಂಡಿನ ವೇಗ ಸೆಕೆಂಡಿಗೆ ಸುಮಾರು 840 ಮೀಟರ್. ಹಾಗಾಗಿ 300 ಮೀಟರ್ ಆಚೆ ಓಡುತ್ತಿರುವವನನ್ನು ತಲುಪುವುದಕ್ಕೆ ಮೂರನೇ ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಅವನು ಎರಡು ಮೀಟರ್ ಮುಂದೆ ಹೋಗಿರುತ್ತಾನೆ. ಅವನು ಇರುವಲ್ಲಿಗಲ್ಲ, ತಲುಪಲಿರುವ ಜಾಗಕ್ಕೆ ಗುರಿಯಿಡಬೇಕು. ಹತ್ತೇ ಗುಂಡು ಇರುವುದರಿಂದ ಒಂದೊಂದು ಸಲವೂ "ಈಗ ಹೊಡೆಯಲೇ, ಬೇಡವೇ" ಎಂದು ಮನಸ್ಸು ಕೇಳಿಕೊಳ್ಳುತ್ತದೆ. ಮರದ ಹಿಂದೆ ಅಡಗಿದವನತ್ತ ಒಂದು ಗುಂಡು ಹಾರಿಸಿ ತಪ್ಪಿದರೆ, ಸದ್ದು ಕೇಳಿ ನಾಲ್ಕೂ ದಿಕ್ಕಿನವರಿಗೆ ನೀನಿರುವ ಜಾಗ ಗೊತ್ತಾಗುತ್ತದೆ. ಆಟವೊಂದು ಉಪದೇಶ ಮಾಡದೆ ಬೆರಳಿಗೆ ಸಂಯಮ ಕಲಿಸುವುದು ಅಪರೂಪ. ಇಲ್ಲಿ ಆ ಕೆಲಸ ಆಗಿದೆ.

ನಿಜವಾದ ಎಸ್‌ಎಲ್‌ಆರ್ ನಮ್ಮವರಿಗೆ ಅಪರಿಚಿತವೇನಲ್ಲ. ಬೆಲ್ಜಿಯಂನ ಎಫ್‌ಎನ್ ಕಂಪನಿಯ ಎಫ್‌ಎಎಲ್ ರೈಫಲ್ಲಿನ ವಂಶ ಅದರದು. ಪಶ್ಚಿಮ ಬಂಗಾಳದ ಇಷಾಪುರ ಕಾರ್ಖಾನೆಯಲ್ಲಿ ಅದು 1ಎ1 ಎಂಬ ಹೆಸರಿನಲ್ಲಿ ತಯಾರಾಯಿತು. 1971ರ ಯುದ್ಧದಲ್ಲಿ ನಮ್ಮ ಸೈನಿಕರ ಹೆಗಲ ಮೇಲಿದ್ದದ್ದು ಅದೇ. 1990ರ ದಶಕದ ಕೊನೆಯ ಹೊತ್ತಿಗೆ ಸೈನ್ಯದಲ್ಲಿ ಅದರ ಜಾಗಕ್ಕೆ ಇನ್ಸಾಸ್ ರೈಫಲ್ ಬಂತು. ಪೊಲೀಸರ ಕೈಯಲ್ಲಿ ಅದು ಆಮೇಲೂ ಬಹಳ ಕಾಲ ಉಳಿಯಿತು. ನಾಲ್ಕು ಕಿಲೋಗಿಂತ ಹೆಚ್ಚು ತೂಕದ, ಇಪ್ಪತ್ತು ಗುಂಡಿನ ಮ್ಯಾಗಜಿನ್ ಇರುವ ಉದ್ದನೆಯ ಬಂದೂಕು ಅದು.

ಆಟ ಮಾಡಿದವರು ಇಪ್ಪತ್ತನ್ನು ಹತ್ತಕ್ಕೆ ಇಳಿಸಿದ್ದಾರೆ. ಇದು ಸುಳ್ಳು, ಆದರೆ ಆಟಕ್ಕೆ ಬೇಕಾಗಿದ್ದ ಸುಳ್ಳು. ಗುಂಡು ಕಡಿಮೆಯಾದಷ್ಟೂ ಯೋಚನೆ ಹೆಚ್ಚಾಗುತ್ತದೆ. ತೂಕದ ವಿಷಯದಲ್ಲಿ ಮಾತ್ರ ಅವರು ಹೇಳಿದ ಸುಳ್ಳಿಗೆ ಸಮರ್ಥನೆ ಇಲ್ಲ. ಚೀಲದಲ್ಲಿ ಗುಂಡಿಗೆ ಜಾಗ ಬೇಕು. ಗನ್ನಿಗೆ ಏನೂ ಬೇಡ. ಎರಡು ರೈಫಲ್ ಬೆನ್ನಿಗೆ ಹಾಕಿಕೊಂಡವನು ಬರಿಗೈಯವನಷ್ಟೇ ಸಲೀಸಾಗಿ ಗುಡ್ಡ ಹತ್ತುತ್ತಾನೆ. ಬಂದೂಕು ಹೊರೆ ಎಂಬ ಮೊದಲ ಸತ್ಯವೇ ಇಲ್ಲಿ ಕಾಣೆಯಾಗಿದೆ.

ಇನ್ನೊಂದು ಕೊರತೆ ಎಕ್ಸ್‌ಟೆಂಡೆಡ್ ಮ್ಯಾಗ್. ಅದು ಸಿಕ್ಕಿತೆಂದರೆ ಹತ್ತು ಗುಂಡು ಇಪ್ಪತ್ತಾಗುತ್ತದೆ, ಆಟಗಾರ ಬಡಬಡ ಬೆರಳು ಬಡಿಯಲು ಶುರು ಮಾಡುತ್ತಾನೆ. ಮೊಬೈಲಿಗೆ ಸಿಕ್ಕಿಸುವ ಟ್ರಿಗರ್‌ಗಳು ಬಂದ ಮೇಲಂತೂ ಈ ಬಡಿತಕ್ಕೆ ಮಿತಿಯಿಲ್ಲ. ಗುರಿಗಿಂತ ವೇಗ ಮುಂದಾದಾಗ ಎಸ್‌ಎಲ್‌ಆರ್ ತನ್ನ ವ್ಯಕ್ತಿತ್ವವನ್ನೇ ಕಳೆದುಕೊಳ್ಳುತ್ತದೆ. ಹಳ್ಳಿಯ ಏರಿಳಿಯುವ ನೆಟ್‌ವರ್ಕಿನಲ್ಲಿ, ಕಡಿಮೆ ಬೆಲೆಯ ಫೋನಿನಲ್ಲಿ ಈ ಬಡಿತ ನಡೆಯುವುದೂ ಇಲ್ಲ. ಪಿಂಗ್, ಅಂದರೆ ನೆಟ್‌ವರ್ಕಿನ ತಡ, ಹೆಚ್ಚಿದ್ದವನಿಗೆ ಕಾದು ಹೊಡೆಯುವುದೇ ಒಳ್ಳೆಯ ದಾರಿ. ಚಿಕ್ಕೇರೂರಿನ ಹುಡುಗ ಮಿನಿಯನ್ನು ಬಿಟ್ಟು ಎಸ್‌ಎಲ್‌ಆರ್ ಎತ್ತಿಕೊಳ್ಳಲಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಗನ್ನಿನಾಚೆಗೆ ಇಡೀ ಆಟವನ್ನು ನೋಡಿದರೆ, ಭಾರತಕ್ಕಾಗಿ ಕಂಪನಿ ಮಾಡಿದ ಬದಲಾವಣೆಗಳಲ್ಲಿ ರಕ್ತದ ಬಣ್ಣ ಹಸಿರಾದದ್ದು ಎಲ್ಲರಿಗೂ ಗೊತ್ತು. ಅದು ತೋರಿಕೆಯ ತಿದ್ದುಪಡಿ. ಬಣ್ಣ ಬದಲಿಸಿದ ಮಾತ್ರಕ್ಕೆ ಹೊಡೆಯುವ ಹುಮ್ಮಸ್ಸು ಕುಗ್ಗುವುದಿಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಆಟದೊಳಗಿನ ಅಂಗಡಿಯ ಮೇಲೆ. ಯುಸಿ ಎಂಬ ಆಟದ ಹಣ ಕೊಳ್ಳು, ಕ್ರೇಟ್ ಎಂಬ ಪೆಟ್ಟಿಗೆ ತೆರೆ, ಅದೃಷ್ಟವಿದ್ದರೆ ಗನ್ನಿಗೆ ಸ್ಕಿನ್ ಎಂಬ ಹೊಳೆಯುವ ಹೊದಿಕೆ ಸಿಗುತ್ತದೆ, ಇಲ್ಲದಿದ್ದರೆ ಮತ್ತೆ ಕೊಳ್ಳು. ಎಸ್‌ಎಲ್‌ಆರ್ ಹತ್ತು ಗುಂಡಿನಲ್ಲಿ ಕಲಿಸಿದ ಸಂಯಮಕ್ಕೆ ಈ ಅಂಗಡಿಯಲ್ಲಿ ಕಾಸಿನ ಬೆಲೆಯಿಲ್ಲ. 2021ರಲ್ಲಿ ಆಟ ಬಿಡುಗಡೆಯಾದಾಗ 18 ವರ್ಷದೊಳಗಿನವರಿಗೆ ದಿನಕ್ಕೆ ಮೂರು ತಾಸಿನ ಮಿತಿ ಹಾಕಿದರು. ಅದು ಒಪ್ಪುವ ಮಾತು. ಜೊತೆಗೆ ಖರ್ಚಿಗೂ ಮಿತಿಯಿಟ್ಟರು: ದಿನಕ್ಕೆ 7,000 ರೂಪಾಯಿ. ಅದೇ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 289 ರೂಪಾಯಿ ಇತ್ತು. ಹಿರೇಕೆರೂರು ತಾಲೂಕಿನಲ್ಲಿ ಮಣ್ಣು ಹೊತ್ತ ತಾಯಿಯೊಬ್ಬಳ 24 ದಿನಗಳ ಕೂಲಿಯನ್ನು ಅವಳ ಮಗ ಒಂದೇ ದಿನ ಸ್ಕಿನ್ನಿಗೆ ಸುರಿಯಬಹುದಿತ್ತು, ಅದು ಮಿತಿಯೊಳಗೇ ಇರುತ್ತಿತ್ತು! ಗುಂಡಿನ ಲೆಕ್ಕವನ್ನು ಇಷ್ಟು ಸೂಕ್ಷ್ಮವಾಗಿ ತೂಗಿದವರಿಗೆ ದುಡ್ಡಿನ ಲೆಕ್ಕ ತೂಗಲು ಬರಲಿಲ್ಲ ಎಂದರೆ ನಾನು ನಂಬಲಾರೆ.

ಮಕ್ಕಳ ಖರ್ಚಿನ ಮಿತಿ ಸಾವಿರಗಳಲ್ಲಿ ಇರಬಾರದು, ನೂರರೊಳಗೆ ಇಳಿಯಬೇಕು. ಅಲ್ಲಿಯ ತನಕ ಚಿಕ್ಕೇರೂರಿನ ತಂದೆತಾಯಂದಿರು ಮಗ ಯಾವ ಗನ್ ಹಿಡಿದಿದ್ದಾನೆ ಎಂದು ಚಿಂತಿಸುವುದಕ್ಕಿಂತ ಮೊದಲು, ಅವನ ಫೋನಿಗೆ ಮನೆಯ ಯಾವ ಬ್ಯಾಂಕ್ ಖಾತೆ ಜೋಡಿಸಿದೆ ಎಂದು ನೋಡಿಕೊಳ್ಳಲಿ.