ಗ್ಲೂಕೋಸ್ ಬಾಟಲಿ ಮತ್ತು ಯಾರೂ ಕೇಳದ ರಂಜಕ

ಕೊಯಮತ್ತೂರಿನ ತುಡಿಯಲೂರಿನಲ್ಲಿ ಮೆಟ್ಟುಪಾಳ್ಯ ರಸ್ತೆ ಬಿಟ್ಟು ಯಾವುದೇ ಅಡ್ಡಬೀದಿಗೆ ತಿರುಗಿದರೂ ಒಂದು ಸಣ್ಣ ಕ್ಲಿನಿಕ್ಕು ಸಿಗುತ್ತದೆ. ಸಂಜೆ ಹೊತ್ತು ಒಳಗೆ ಇಣುಕಿದರೆ ಒಂದು ಕಬ್ಬಿಣದ ಸ್ಟ್ಯಾಂಡು, ಅದಕ್ಕೆ ತೂಗಿದ ಬಾಟಲಿ, ಕೆಳಗೆ ಕಣ್ಣು ಮುಚ್ಚಿ ಮಲಗಿದ ಯಾರೋ. ಜ್ವರ ಬಿಟ್ಟ ಮೇಲಿನ ಸುಸ್ತು, ವಾಂತಿಯ ಸುಸ್ತು, ಹೆರಿಗೆಯ ಸುಸ್ತು, ಮಿಲ್ಲಿನಲ್ಲಿ ಎರಡು ಶಿಫ್ಟು ಮಾಡಿದ ಸುಸ್ತು, ಎಲ್ಲಕ್ಕೂ ಅದೇ ಮದ್ದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ನಮ್ಮಂಥವರಿಗೆ ಎರಡು ಭಾಷೆಯಲ್ಲೂ ಅದಕ್ಕೆ ಮಾತಿದೆ. ಗ್ಲೂಕೋಸ್ ಏರಿಸುವುದು. ಈ ಪದ್ಧತಿಯನ್ನು ಕೂಲಂಕಷವಾಗಿ ನೋಡಬೇಕೆಂದು ನನಗೆ ಅನ್ನಿಸಿದ್ದು ನನ್ನ ಅತ್ತೆ, ಅಂದರೆ ಅಪ್ಪನ ಅಕ್ಕ, ಆ ಸ್ಟ್ಯಾಂಡಿನ ಕೆಳಗೆ ಮೂರು ದಿನ ಮಲಗೆದ್ದ ಮೇಲೆ.

ಅತ್ತೆಗೆ ಅರವತ್ತೆರಡು ವಯಸ್ಸು, ತೂಕ ಮೂವತ್ತೆಂಟು ಕಿಲೋ. ಜ್ವರ, ವಾಂತಿ ಎಂದು ಹೆಚ್ಚೂಕಡಿಮೆ ಎರಡು ವಾರ ಕಾಫಿ ಮತ್ತು ಗಂಜಿತಿಳಿಯಲ್ಲೇ ಕಳೆದಿದ್ದರು. ಜ್ವರ ಬಿಟ್ಟಿತು, ಸುಸ್ತು ಬಿಡಲಿಲ್ಲ. ದಿನಕ್ಕೆ ಎರಡು ಬಾಟಲಿಯಂತೆ ಮೂರು ದಿನ ಗ್ಲೂಕೋಸ್ ಹಾಕಿಸಿದೆವು. ಹಾಕಿಸಿದೆವು ಎಂದೇ ಬರೆಯುತ್ತೇನೆ, ಯಾಕೆಂದರೆ ಡಾಕ್ಟರು ‘ಬೇಡಮ್ಮ, ಊಟ ಮಾಡಿ ಸಾಕು’ ಎಂದಾಗ ಹಟ ಹಿಡಿದವರು ಮನೆಯವರಾದ ನಾವೇ. ನಾಲ್ಕನೇ ದಿನ ಬೆಳಿಗ್ಗೆ ತಲೆ ಬಾಚಲು ಕೈ ಎತ್ತಿದರು, ಬಾಚಣಿಗೆ ಕಿವಿಯ ಮಟ್ಟಕ್ಕೆ ಬಂದು ನಿಂತಿತು. ‘ಕೈ ನನ್ನ ಮಾತು ಕೇಳ್ತಿಲ್ಲಪ್ಪಾ’ ಎಂದರು. ಸಂಜೆಗೆ ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರು ತೆಗೆಯಬೇಕಾಯಿತು. ದೊಡ್ಡ ಆಸ್ಪತ್ರೆಗೆ ಒಯ್ದೆವು. ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಬರೆದ ಕಾಗದ ಬಂತು, ಮೂರರಲ್ಲೂ ಪ್ರಾಣಕ್ಕೆ ಅಪಾಯವಾಗುವಂಥದ್ದೇನೂ ಇರಲಿಲ್ಲ. ಎದೆಯ ಎಕ್ಸ್‌ರೇ, ಇಸಿಜಿ ಸರಿಯಾಗಿದ್ದವು. ರಾತ್ರಿ ಹನ್ನೊಂದರ ಮೇಲೆ ಪಾಳಿಗೆ ಬಂದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಎಷ್ಟು ದಿನದಿಂದ ಊಟ ಇಲ್ಲ ಎಂದು ಕೇಳಿದರು, ಬೆರಳು ಮಡಚಿ ಎಣಿಸಿದರು, ಫಾಸ್ಫರಸ್‌ಗೆ ಬೇರೆ ಚೀಟಿ ಬರೆದರು. ಬಂದ ಅಂಕಿ 0.8. ಡೆಸಿಲೀಟರಿಗೆ 2.5ರಿಂದ 4.5 ಮಿಲಿಗ್ರಾಂ ಇರಬೇಕಾದದ್ದು, ಒಂದಕ್ಕಿಂತ ಕೆಳಗೆ.

ಈ ಫಾಸ್ಫರಸ್ಸನ್ನೇ ಶಾಲೆಯಲ್ಲಿ ರಂಜಕ ಎಂದು ಓದಿದ್ದೇವೆ, ಬೆಂಕಿಪೊಟ್ಟಣದ ಜೊತೆ ಸೇರಿಸಿ ಮರೆತಿದ್ದೇವೆ. ಮೈಯಲ್ಲಿ ಅದು ಫಾಸ್ಫೇಟ್ ರೂಪದಲ್ಲಿದೆ. ನೂರರಲ್ಲಿ ಎಂಬತ್ತೈದು ಪಾಲು ಎಲುಬು ಹಲ್ಲುಗಳಲ್ಲಿ, ಉಳಿದದ್ದರಲ್ಲಿ ಬಹುಪಾಲು ಜೀವಕೋಶಗಳ ಒಳಗೆ, ರಕ್ತದಲ್ಲಿ ಓಡಾಡುವುದು ಒಂದು ಪಾಲೂ ಇಲ್ಲ. ತಿಂದ ಅನ್ನ ಶಕ್ತಿಯಾಗಬೇಕಾದರೆ ಕೋಶದೊಳಗೆ ಎಟಿಪಿ ಎಂಬ ಅಣು ತಯಾರಾಗಬೇಕು. ಅದರ ಹೆಸರಿನ ಕೊನೆಯ ‘ಪಿ’ಯೇ ಫಾಸ್ಫೇಟ್. ಅದು ಸಾಲದಾದಾಗ ಸ್ನಾಯು ಸೋಲುತ್ತದೆ, ಉಸಿರೆಳೆಯುವ ಸ್ನಾಯುವೂ ಸೋಲುತ್ತದೆ. ಕೆಂಪು ರಕ್ತಕಣ ಆಮ್ಲಜನಕವನ್ನು ಹೊತ್ತು ಬರುತ್ತದೆ, ಆದರೆ ಅಂಗಾಂಶಕ್ಕೆ ಬಿಟ್ಟುಕೊಡಲು ಜಿಪುಣತನ ಮಾಡುತ್ತದೆ. ಬೆರಳಿಗೆ ಹಾಕುವ ಕ್ಲಿಪ್ಪು ಆಮ್ಲಜನಕ ನೂರಕ್ಕೆ 97 ಎಂದು ತೋರಿಸುತ್ತಿರುವಾಗಲೇ ರೋಗಿ ಬಳಲುತ್ತಿರಬಹುದು.

ಮೋಸವಿರುವುದು ಉಪವಾಸದ ಲೆಕ್ಕದಲ್ಲಿ. ಊಟ ನಿಂತಾಗ ಕೋಶಗಳು ಒಳಗಿನ ಫಾಸ್ಫೇಟನ್ನು ಹೊರಗೆ ಬಿಡುತ್ತಾ ಹೋಗುತ್ತವೆ, ಮೂತ್ರದಲ್ಲಿ ಅದು ಸೋರುತ್ತಾ ಹೋಗುತ್ತದೆ. ಉಗ್ರಾಣ ಖಾಲಿಯಾಗುತ್ತಿದ್ದರೂ ಬಾಗಿಲಲ್ಲಿ ಸಾಮಾನು ಕಾಣುವ ಹಾಗೆ, ರಕ್ತದ ಅಂಕಿ ಮಾತ್ರ ಸರಿಯಾಗಿಯೇ ಇರುತ್ತದೆ. ಆ ಸ್ಥಿತಿಯಲ್ಲಿ ಸಕ್ಕರೆ ಏರಿಸಿದರೆ ಇನ್ಸುಲಿನ್ ಏಳುತ್ತದೆ. ಇನ್ಸುಲಿನ್ ಸಕ್ಕರೆಯನ್ನು ಒಳಗೆ ಎಳೆಯುವಾಗ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಮೂರನ್ನೂ ಜೊತೆಗೆ ಎಳೆದುಕೊಳ್ಳುತ್ತದೆ, ಎರಡು ಮೂರು ದಿನದೊಳಗೆ ರಕ್ತ ಬರಿದಾಗುತ್ತದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಸೆರೆಶಿಬಿರಗಳಿಂದ ಬಿಡಿಸಿಕೊಂಡು ಬಂದವರಿಗೆ ಹೊಟ್ಟೆ ತುಂಬ ಉಣಬಡಿಸಿದಾಗ ಕೆಲವರು ಸತ್ತರು. ಹಸಿವನ್ನು ಬದುಕಿ ದಾಟಿದವರು ಅನ್ನದ ಮುಂದೆ ಕುಸಿದರು. ವೈದ್ಯಶಾಸ್ತ್ರ ಇದನ್ನು ರೀಫೀಡಿಂಗ್ ಸಿಂಡ್ರೋಮ್ ಎಂದು ಕರೆಯುತ್ತದೆ. ಮೊದಲ ದಿನದ ರಿಪೋರ್ಟು ಸರಿ ಇದೆ ಎಂದು ಸುಮ್ಮನಾಗಬಾರದು ಎನ್ನುವುದು ಇದಕ್ಕೇ. ಮುಂದಿನ ಮೂರು ದಿನವೂ ನೋಡಬೇಕು.

ಈಗ ಬಾಟಲಿಯ ವಿಷಯ. ಐದು ಪರ್ಸೆಂಟಿನ ಅರ್ಧ ಲೀಟರ್ ಡೆಕ್ಸ್‌ಟ್ರೋಸಿನಲ್ಲಿ ಇರುವುದು 25 ಗ್ರಾಂ ಸಕ್ಕರೆ, ನೂರು ಕ್ಯಾಲರಿಯೂ ಇಲ್ಲ. ಹೆಚ್ಚೂಕಡಿಮೆ ಎರಡು ಇಡ್ಲಿಯಷ್ಟು. ಇಡ್ಲಿಯಲ್ಲಿ ಉದ್ದಿದೆ, ಅದರ ಪ್ರೋಟೀನಿದೆ, ಹುಳಿ ಬಂದ ಹಿಟ್ಟಿನ ಫಾಸ್ಫೇಟ್ ಇದೆ. ಬಾಟಲಿಯಲ್ಲಿ ಸಕ್ಕರೆ ಮತ್ತು ನೀರು. ನೀರು ಕಳೆದುಕೊಂಡವರಿಗೆ ಡ್ರಿಪ್ ಜೀವ ಉಳಿಸುತ್ತದೆ, ಸಕ್ಕರೆ ತೀರಾ ಇಳಿದವರನ್ನು ನಿಮಿಷದಲ್ಲಿ ಎಬ್ಬಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಹೊಟ್ಟೆಗಿಲ್ಲದೆ ಸೊರಗಿದವರಿಗೆ ಮಾತ್ರ ಅದು ಆಹಾರವಲ್ಲ, ಇರುವ ಚೂರುಪಾರನ್ನು ಒಳಗೆ ಎಳೆದುಕೊಳ್ಳುವ ಕೈ. ಬಾಟಲಿ ಇಳಿದ ಕೂಡಲೇ ಮುಖಕ್ಕೆ ಬರುವ ಕಳೆಯನ್ನು ನಾವು ಶಕ್ತಿ ಎಂದು ನಂಬಿದ್ದೇವೆ. ಆ ನಂಬಿಕೆಯೇ ಈ ಪದ್ಧತಿಯ ದೊಡ್ಡ ದೋಷ ಎಂಬುದು ನನ್ನ ತೀರ್ಮಾನ.

ಒಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಈ ಊರು ರಂಜಕವನ್ನು ಅರಿಯದ ಊರಲ್ಲ. ತುಡಿಯಲೂರು ಸಹಕಾರ ಸಂಘಕ್ಕೆ ಗೊಬ್ಬರಕ್ಕೆ ಹೋಗುವ ರೈತ ಸೂಪರ್ ಫಾಸ್ಫೇಟ್ ಎಂದು ಬಾಯಿತುಂಬ ಕೇಳಿ ಚೀಲ ಹೊತ್ತು ಬರುತ್ತಾನೆ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಒಂದು ಹಿಡಿ ಮಣ್ಣು ಕೊಟ್ಟರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರನ್ನೂ ಬರೆದು ಕೊಡುತ್ತಾರೆ. ರಂಜಕವನ್ನು ಬೇರೆಯಾಗಿ ಬೇಡಬೇಕಿಲ್ಲ. ಹೊಲಕ್ಕೆ ತಾನಾಗಿ ಸಿಗುವ ಆ ಒಂದು ಸಾಲು ಹೊಲದೊಡತಿಯ ರಕ್ತಕ್ಕೆ ಸಿಗುವುದಿಲ್ಲ. ಎಲೆಕ್ಟ್ರೋಲೈಟ್ ಎಂದು ಬರೆದರೆ ಸಾಮಾನ್ಯವಾಗಿ ಬರುವುದು ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್. ಫಾಸ್ಫರಸ್ ಬೇಕಾದರೆ ಅದರ ಹೆಸರೆತ್ತಿ ಕೇಳಬೇಕು. ಅದೇನೂ ದುಬಾರಿ ಪರೀಕ್ಷೆಯಲ್ಲ.

ತಮಿಳುನಾಡು ಮನಸ್ಸು ಮಾಡಿದರೆ ಸೊರಗಿದವರನ್ನು ಮೊದಲೇ ಗುರುತಿಸುವ ಕೆಲಸ ಮಾಡಬಲ್ಲದು. 2022ರ ಏಪ್ರಿಲ್‌ನಲ್ಲಿ ಶುರುವಾದ ‘ಕಾಸನೋಯ್ ಇರಪ್ಪಿಲ್ಲಾ ತಿಟ್ಟಂ’, ಅಂದರೆ ಕ್ಷಯದಿಂದ ಸಾವಿಲ್ಲದ ಯೋಜನೆ, ನಾನು ಮನಸಾರೆ ಮೆಚ್ಚುವ ಕೆಲಸ. ಕ್ಷಯ ಪತ್ತೆಯಾದವರನ್ನು ನರ್ಸೇ ತೂಗಿ, ಎತ್ತರ ಅಳೆದು, ಉಸಿರು ಎಣಿಸಿ, ಆಸರೆಯಿಲ್ಲದೆ ನಿಲ್ಲಬಲ್ಲರೇ ಎಂದು ನೋಡುತ್ತಾರೆ. ತೀರಾ ಸೊರಗಿದವರನ್ನು ಕೂಡಲೇ ಆಸ್ಪತ್ರೆಗೆ ಸೇರಿಸುತ್ತಾರೆ. ಲ್ಯಾಬಿಗಾಗಿ ಕಾಯುವುದಿಲ್ಲ. ಸೊರಗಿದ ಮೈಯನ್ನೇ ಒಂದು ತುರ್ತು ಎಂದು ಎಣಿಸಿದ ಆ ಕಣ್ಣು ಕ್ಷಯದ ವಾರ್ಡಿನಿಂದ ಹೊರಗೆ ಬಂದು, ವಾಂತಿಯವರ, ಕ್ಯಾನ್ಸರಿನವರ, ಕುಡಿತ ಬಿಡಿಸಲು ಸೇರಿಸಿದವರ, ಒಂಟಿ ಮುದುಕರ ಹಾಸಿಗೆಯ ಬಳಿಯೂ ನಿಲ್ಲಬೇಕು. ಇವರೆಲ್ಲರಿಗೂ ರೀಫೀಡಿಂಗಿನ ಇದೇ ಗಂಡಾಂತರವಿದೆ. ಎಷ್ಟು ದಿನದಿಂದ ಉಂಡಿಲ್ಲ, ಎಷ್ಟು ತೂಕ ಇಳಿದಿದೆ ಎಂಬ ಎರಡು ಪ್ರಶ್ನೆ ಬಾಟಲಿಗಿಂತ ಮುಂಚೆ ಬರಬೇಕು. ಚಿಕಿತ್ಸೆಯ ಮಾರ್ಗಸೂಚಿ ಬರೆಯುವ ಬ್ರಿಟನ್ನಿನ ನೈಸ್ ಸಂಸ್ಥೆ 2006ರಲ್ಲೇ ಹೇಳಿದೆ: ಇಂಥವರಿಗೆ ಮೊದಲ ದಿನ ಕಿಲೋ ತೂಕಕ್ಕೆ ಹತ್ತು ಕ್ಯಾಲರಿ ಮೀರಬೇಡಿ, ನಾಲ್ಕರಿಂದ ಏಳು ದಿನದಲ್ಲಿ ನಿಧಾನವಾಗಿ ಏರಿಸಿ, ಊಟಕ್ಕೆ ಮುಂಚೆಯೇ ಥಯಾಮಿನ್ ಎಂಬ ವಿಟಮಿನ್ ಕೊಡಿ.

ಫಾಸ್ಫೇಟ್ ಇಳಿಸಬಲ್ಲ ಇನ್ನೊಂದು ಬಾಟಲಿಯೂ ಇದೆ, ಕಂದು ಬಣ್ಣದ್ದು. ಕಬ್ಬಿಣಾಂಶದ ಡ್ರಿಪ್. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ತಮಿಳುನಾಡಿನಲ್ಲಿ ಹದಿನೈದರಿಂದ ನಲವತ್ತೊಂಬತ್ತರ ಹೆಂಗಸರಲ್ಲಿ ನೂರಕ್ಕೆ 53 ಮಂದಿಗೆ ರಕ್ತಹೀನತೆ. ಅವರಿಗೆ ಈ ಡ್ರಿಪ್ ಬೇಕು, ಅದನ್ನು ಬೇಡ ಎನ್ನುವವನು ನಾನಲ್ಲ. ಒಂದೇ ಸಲಕ್ಕೆ ಸಾವಿರ ಮಿಲಿಗ್ರಾಂ ಕೊಡಬಹುದಾದ ಔಷಧಿಗಳನ್ನು ಗರ್ಭಿಣಿಯರಲ್ಲಿ ಮಾತ್ರೆಗೆ ಹೋಲಿಸಿ ನೋಡುವ ದೊಡ್ಡ ಅಧ್ಯಯನವನ್ನು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಮುಂದೆ ನಿಂತು ಕರ್ನಾಟಕ, ರಾಜಸ್ಥಾನಗಳಲ್ಲಿ ನಡೆಸಿದ್ದಾರೆ. ಆ ಔಷಧಿಗಳಲ್ಲಿ ಒಂದಾದ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ರಕ್ತದಲ್ಲಿ ಎಫ್‌ಜಿಎಫ್-23 ಎಂಬ ಹಾರ್ಮೋನನ್ನು ಏರಿಸುತ್ತದೆ. ಆ ಹಾರ್ಮೋನು ಮೂತ್ರಪಿಂಡಕ್ಕೆ ಫಾಸ್ಫೇಟ್ ಚೆಲ್ಲು ಎನ್ನುತ್ತದೆ. 2020ರಲ್ಲಿ ಅಮೆರಿಕದಿಂದ ಪ್ರಕಟವಾದ ಎರಡು ಪ್ರಯೋಗಗಳಲ್ಲಿ ಇದನ್ನು ಪಡೆದ ನಾಲ್ವರಲ್ಲಿ ಮೂವರಿಗೆ ಫಾಸ್ಫೇಟ್ ಇಳಿಯಿತು. ಫೆರಿಕ್ ಡೆರಿಸೋಮಾಲ್ಟೋಸ್ ಪಡೆದವರಲ್ಲಿ ನೂರಕ್ಕೆ ಎಂಟು ಮಂದಿಗೆ ಮಾತ್ರ. ಬಹುಮಂದಿಗೆ ತೊಂದರೆಯಾಗದೆ ವಾರಗಳಲ್ಲಿ ಸರಿಹೋಗುತ್ತದೆ. ಮತ್ತೆ ಮತ್ತೆ ಹಾಕಿಸಿಕೊಂಡವರ ಎಲುಬು ಮೆತ್ತಗಾದದ್ದೂ ಮುರಿದದ್ದೂ ಉಂಟು. ಡ್ರಿಪ್ ಆಗಿ ಎರಡು ವಾರಕ್ಕೆ ಹೆಂಗಸೊಬ್ಬಳು ‘ರಕ್ತ ಏರಿದೆ ಅಂತಾರೆ, ಮೊದಲಿಗಿಂತ ಸುಸ್ತು’ ಎಂದರೆ ಅದನ್ನು ಮನಸ್ಸಿನ ಕಾಯಿಲೆ ಎಂದು ಕಳಿಸಿಬಿಡುವುದು ಅನ್ಯಾಯ.

ವರ್ಷಗಟ್ಟಲೆ ವಾತ, ಸವಕಳಿ ಎಂದು ಮಾತ್ರೆ ನುಂಗಿ ಕೊನೆಗೆ ಗಾಲಿಕುರ್ಚಿಗೆ ಬಂದವರಲ್ಲಿ ಕೆಲವರಿಗೆ ಇದೇ ಹಾರ್ಮೋನನ್ನು ಸುರಿಸುವ ಸಣ್ಣ ಗಂಟು ಪಾದದಲ್ಲೋ ಮೂಗಿನ ಒಳಗೋ ಇರುತ್ತದೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಅಂಥ ಗಂಟುಗಳನ್ನು ವಿಶೇಷ ಪೆಟ್ ಸ್ಕ್ಯಾನಿನಲ್ಲಿ ಹುಡುಕಿ ತೆಗೆಯುತ್ತಾರೆ, ತೆಗೆದ ಮೇಲೆ ಎದ್ದು ನಡೆದವರಿದ್ದಾರೆ. ಅಲ್ಲಿಗೆ ಹೋಗುವ ದಾರಿ ಆರಂಭವಾಗುವುದು ಇಲ್ಲೇ, ಬೀದಿಯ ಲ್ಯಾಬಿನ ಒಂದು ಫಾಸ್ಫರಸ್ ಚೀಟಿಯಿಂದ.

ಹಾಗೆಂದು ಅಂಕಿ ಕಂಡ ಕೂಡಲೇ ರಕ್ತನಾಳಕ್ಕೆ ಫಾಸ್ಫೇಟ್ ಹರಿಸುವುದನ್ನೂ ನಾನು ಒಪ್ಪುವುದಿಲ್ಲ. 2.2 ಬಂದು, ಉಣ್ಣುತ್ತಾ ಓಡಾಡುತ್ತಾ ಇರುವವರಿಗೆ ಕಾರಣ ಹುಡುಕುವುದೇ ಚಿಕಿತ್ಸೆ: ಗ್ಯಾಸಿಗೆಂದು ದಿನವೂ ಕುಡಿಯುವ ಅಲ್ಯೂಮಿನಿಯಂ ಸೇರಿದ ಔಷಧಿ, ವಿಟಮಿನ್ ಡಿ ಕೊರತೆ, ಮೂತ್ರಪಿಂಡದಲ್ಲಿ ಸೋರಿಕೆ ಮಾಡುವ ಟೆನೊಫೊವಿರ್ ಎಂಬ ಔಷಧಿ. ನಾಳದ ಮೂಲಕ ಕೊಡುವುದು ತೀರಾ ಇಳಿದವರಿಗೆ, ಉಸಿರು ಸೋತವರಿಗೆ. ಅದನ್ನೂ ಗಂಟೆಗಟ್ಟಲೆ ನಿಧಾನವಾಗಿ ಕೊಡಬೇಕು. ಅವಸರ ಮಾಡಿದರೆ ಕ್ಯಾಲ್ಸಿಯಂ ಕುಸಿದು ಕೈಕಾಲು ಸೆಟೆಯುತ್ತದೆ, ಹೃದಯದ ಲಯ ತಪ್ಪುತ್ತದೆ. ಅತ್ತೆಗೆ ಕೊಟ್ಟ ರಾತ್ರಿ ಆ ಡಾಕ್ಟರು ಎರಡು ಸಲ ಕ್ಯಾಲ್ಸಿಯಂ ನೋಡಿಸಿದರು, ಮೂತ್ರಪಿಂಡದ ರಿಪೋರ್ಟು ಕೈಯಲ್ಲಿ ಹಿಡಿದೇ ವೇಗ ಗೊತ್ತುಮಾಡಿದರು. ಮೂರನೇ ದಿನ ಅಂಕಿ 2.1. ಆಮೇಲೆ ನೀರಿನಲ್ಲಿ ಕರಗಿಸಿ ಕುಡಿಯುವ ಫಾಸ್ಫೇಟ್ ಪುಡಿ, ಜೊತೆಗೆ ಹಾಲು. ಒಂದು ಲೋಟ ಹಾಲಿನಲ್ಲಿ ಹತ್ತಿರ ಹತ್ತಿರ 180 ಮಿಲಿಗ್ರಾಂ ರಂಜಕವಿದೆ, ಅದು ಮೈಗೆ ಸುಲಭವಾಗಿ ಹತ್ತುತ್ತದೆ. ರಾಗಿಯಲ್ಲೂ ಧಾರಾಳವಾಗಿದೆ, ಆದರೆ ಬಹುಪಾಲು ಫೈಟೇಟ್ ಎಂಬ ಗಂಟಿನೊಳಗೆ ಸಿಕ್ಕಿಕೊಂಡಿರುತ್ತದೆ. ಮೊಳಕೆ ಬರಿಸಿದರೆ, ಹುಳಿ ಬರಿಸಿದರೆ ಆ ಗಂಟು ಸಡಿಲವಾಗುತ್ತದೆ. ನಮ್ಮಜ್ಜಿ ಮೊಳಕೆ ಕಟ್ಟಿದ ರಾಗಿಯನ್ನೇ ಒಣಗಿಸಿ ಬೀಸಿ ಬಾಣಂತಿಗೆ ಗಂಜಿ ಮಾಡುತ್ತಿದ್ದುದು ನೆನಪಾಗಿ, ಅತ್ತೆಗೂ ಹಾಗೆಯೇ ಮಾಡಿದೆವು, ಮೊದಲ ವಾರ ಅರ್ಧ ಲೋಟ ಮಾತ್ರ.

ಹತ್ತನೇ ದಿನ ಮನೆಗೆ ಕಳಿಸಿದರು. ಬೈಕಿನಲ್ಲಿ ಕೂರಲಾರರು ಎಂದು ಆಟೋ ಮಾಡಿದೆವು. ದಾರಿಯಲ್ಲಿ ಡಿಸ್ಚಾರ್ಜ್ ಕಾಗದ ತೆಗೆದು ಓದಿದೆ. ಎರಡು ಪುಟ, ಜ್ವರ, ನಿಶ್ಶಕ್ತಿ, ಐದು ಮಾತ್ರೆಯ ಹೆಸರು, ಸೋಡಿಯಂ, ಪೊಟ್ಯಾಸಿಯಂ ಎಲ್ಲ ಇದ್ದವು. 0.8 ಇರಲಿಲ್ಲ. ಆಟೋ ಕವುಂಡಂಪಾಳ್ಯದಲ್ಲಿ ಸಿಗ್ನಲ್ಲಿಗೆ ನಿಂತಾಗ ಜೇಬಿನಿಂದ ಪೆನ್ನು ತೆಗೆದು ಅಂಚಿನ ಖಾಲಿ ಜಾಗದಲ್ಲಿ ಫಾಸ್ಫರಸ್ 0.8 ಎಂದೂ, ತಾರೀಕನ್ನೂ, ‘ಮೂರು ದಿನ ಗ್ಲೂಕೋಸ್ ಹಾಕಿಸಿದ ಮೇಲೆ’ ಎಂದೂ ಬರೆದೆ. ಮುಂದೆ ನೋಡುವ ಡಾಕ್ಟರಿಗೆ ಕನ್ನಡ ಬಾರದು ಎಂದು ಆಮೇಲೆ ಹೊಳೆದು, ಅದರ ಕೆಳಗೇ ತಮಿಳಿನಲ್ಲಿ ಇನ್ನೊಮ್ಮೆ ಬರೆದೆ.