ಒಡೆತನವೂ ಹೊಣೆಯೂ: ಒಡಿಶಾದ ವಿದ್ಯುತ್ ಸುಧಾರಣೆ

ವಿಶ್ವಬ್ಯಾಂಕಿನ ಸಲಹೆ ಮತ್ತು ಸಾಲಗಳ ಆಸರೆಯಲ್ಲಿ 1996ರ ಏಪ್ರಿಲಿನಲ್ಲಿ ತನ್ನ ವಿದ್ಯುಚ್ಛಕ್ತಿ ಮಂಡಳಿಯನ್ನು ವಿಭಜಿಸಿ, ಜಲವಿದ್ಯುತ್ ಉತ್ಪಾದನೆಯನ್ನು ಒಂದು ನಿಗಮಕ್ಕೂ ಪ್ರಸರಣ-ವಿತರಣೆಗಳನ್ನು ಗ್ರಿಡ್ಕೋ ಎಂಬ ಮತ್ತೊಂದಕ್ಕೂ ವಹಿಸಿ, ದರನಿಗದಿಯ ಅಧಿಕಾರವನ್ನು ಸ್ವತಂತ್ರ ಆಯೋಗದ ಕೈಗಿತ್ತು, 1999ರಲ್ಲಿ ವಿತರಣೆಯನ್ನು ಖಾಸಗಿ ಕಂಪನಿಗಳಿಗೆ ಒಪ್ಪಿಸಿದ ಒಡಿಶಾ, ಭಾರತದಲ್ಲಿ ಈ ಹಾದಿಯನ್ನು ತುಳಿದ ಮೊದಲ ರಾಜ್ಯ. ಆ ಕಾರ್ಯದಲ್ಲಿ ಧೈರ್ಯವಿತ್ತೆಂಬುದನ್ನು ಅಲ್ಲಗಳೆಯಲಾಗದು. ದರವನ್ನು ಬಹಿರಂಗ ವಿಚಾರಣೆಯಲ್ಲಿ ನಿರ್ಣಯಿಸುವ ಪದ್ಧತಿಯು ಮುಂದೆ ದೇಶಕ್ಕೆಲ್ಲ ಹಬ್ಬಿದುದು ಅದರ ಸತ್ಫಲವೇ ಸರಿ.

ನನ್ನ ಆಕ್ಷೇಪವಿರುವುದು ಖಾಸಗಿ ಒಡೆತನದ ಮೇಲಲ್ಲ, ಅದಕ್ಕೆ ತಳಹದಿಯಾದ ಲೆಕ್ಕದ ಮೇಲೆ. ಅನೇಕ ಗ್ರಾಹಕರಿಗೆ ಮೀಟರೇ ಇಲ್ಲದಿದ್ದ, ಇದ್ದವುಗಳಲ್ಲಿಯೂ ಎಷ್ಟೋ ಕೆಟ್ಟು ನಿಂತಿದ್ದ ಕಾಲದಲ್ಲಿ, ಸೋರಿಕೆಯ ಪ್ರಮಾಣವನ್ನು ಊಹೆಯಿಂದ ತಗ್ಗಿಸಿ ಬರೆದು, ಆ ಊಹೆಯ ಮೇಲೆ ದರವನ್ನೂ ಆದಾಯದ ನಿರೀಕ್ಷೆಯನ್ನೂ ಕಟ್ಟಿ, ಸಾಲದುದಕ್ಕೆ ಮಂಡಳಿಯ ಹಳೆಯ ಆಸ್ತಿಗಳ ಮೌಲ್ಯವನ್ನು ಕಾಗದದ ಮೇಲೆ ಏರಿಸಿದುದರಿಂದ, ವಿತರಣಾ ಕಂಪನಿಗಳು ಗ್ರಿಡ್ಕೋಗೆ, ಗ್ರಿಡ್ಕೋ ಉತ್ಪಾದಕರಿಗೆ ಬಾಕಿ ಉಳಿಸಿಕೊಳ್ಳುವ ಸರಪಳಿಯೊಂದು ಬೆಳೆಯಿತು. 2001ರಲ್ಲಿ ಈ ಸುಧಾರಣೆಯನ್ನು ಪರಿಶೀಲಿಸಿದ ಕಾನೂಂಗೋ ಸಮಿತಿಯು ಈ ಲೋಪಗಳನ್ನೇ ಎತ್ತಿ ತೋರಿಸಿತು.

ಭುವನೇಶ್ವರ, ಕಟಕಗಳನ್ನೊಳಗೊಂಡ ಕೇಂದ್ರ ವಲಯವನ್ನು ಅಮೆರಿಕದ ಎಇಎಸ್ ಕಂಪನಿಯು ವಹಿಸಿಕೊಂಡು ಎರಡು ತಿಂಗಳೂ ತುಂಬದಿರುವಾಗ, 1999ರ ಅಕ್ಟೋಬರಿನ ಮಹಾಚಂಡಮಾರುತವು ಕರಾವಳಿಯ ಕಂಬ-ತಂತಿಗಳನ್ನು ನೆಲಕ್ಕೊರಗಿಸಿತು. ಇಂತಹ ವಿಪತ್ತಿನಲ್ಲಿ ಪುನರ್ನಿರ್ಮಾಣದ ಬಂಡವಾಳವನ್ನು ಯಾರು, ಎಷ್ಟು ಹೂಡತಕ್ಕದ್ದೆಂಬುದು ಒಪ್ಪಂದದ ಮೊದಲ ಪುಟದಲ್ಲಿಯೇ ಇರಬೇಕಾಗಿದ್ದ ಮಾತು. ಷೇರಿನ ಮೊತ್ತಕ್ಕಷ್ಟೇ ಬದ್ಧನಾದ ಒಡೆಯನು ನಷ್ಟ ಕಂಡೊಡನೆ ಹೊರನಡೆಯಬಲ್ಲನು. 2001ರಲ್ಲಿ ಎಇಎಸ್ ಹಾಗೆಯೇ ಹೊರನಡೆಯಿತು. ದೀಪವುರಿಯದ ಊರಿನ ಜನರಿಗಾದರೋ ಅಂಥ ಅನುಕೂಲವಿರಲಿಲ್ಲ. ಉಳಿದ ಮೂರು ವಲಯಗಳಲ್ಲಿ ರಿಲಯನ್ಸ್ ಸಮೂಹದ ಕೈಸೇರಿದ್ದ ಪರವಾನಗಿಗಳನ್ನೂ ಆಯೋಗವು 2015ರಲ್ಲಿ ರದ್ದುಪಡಿಸಬೇಕಾಯಿತು.

ಇದೇ ಮಾದರಿಯಲ್ಲಿ 1999ರ ಕಾಯಿದೆಯಿಂದ ತನ್ನ ಮಂಡಳಿಯನ್ನು ಕಂಪನಿಯಾಗಿ ಮಾರ್ಪಡಿಸಿದ ಕರ್ನಾಟಕವು, 2002ರಲ್ಲಿ ವಿತರಣೆಯನ್ನು ಬೆಸ್ಕಾಂ ಮೊದಲಾದ ಸರ್ಕಾರಿ ಕಂಪನಿಗಳಿಗೆ ವಹಿಸಿ, ಮಾರಾಟದ ಹೆಜ್ಜೆಯನ್ನಿಡದೆ ನಿಂತಿತು. ಪಂಪ್‌ಸೆಟ್ಟುಗಳಿಗೆ ಹರಿಯುವ ವಿದ್ಯುತ್ತನ್ನು ಇಲ್ಲಿಯೂ ಬಹುಪಾಲು ಅಂದಾಜಿನಿಂದಲೇ ಲೆಕ್ಕ ಹಾಕುತ್ತಿದ್ದುದನ್ನು ನೆನೆದರೆ ಆ ಸಂಯಮ ಉಚಿತವಾಗಿತ್ತೆಂದೇ ನನ್ನ ಎಣಿಕೆ.

2020-21ರಲ್ಲಿ ಒಡಿಶಾದ ನಾಲ್ಕೂ ವಲಯಗಳನ್ನು ಶೇ. 51ರ ಪಾಲಿನೊಡನೆ ಟಾಟಾ ಪವರ್ ವಹಿಸಿಕೊಂಡಾಗ, ಹೂಡತಕ್ಕ ಬಂಡವಾಳವನ್ನೂ ವರ್ಷವರ್ಷಕ್ಕೆ ಸೋರಿಕೆಯನ್ನು ಇಳಿಸಬೇಕಾದ ಮಟ್ಟವನ್ನೂ ಹಳೆಯ ಬಾಕಿಯ ವಸೂಲಿಯನ್ನೂ ಆಯೋಗದ ಆದೇಶದಲ್ಲಿಯೇ ಬರೆದಿಡಲಾಯಿತು.