ಹೆಸರು ಕಮಾಂಡ್ ಆಗದಿರಲಿ

ರೆಂಜಾಳ ಗೋಪಾಲಕೃಷ್ಣ ಶೆಣೈ ಕೆತ್ತಿದ ಧರ್ಮಸ್ಥಳದ ಬಾಹುಬಲಿ 39 ಅಡಿ ಎತ್ತರ. ಅದರ ಫೋಟೋವನ್ನು ವಿಕಿ ತಾಣಕ್ಕೆ ಏರಿಸಿದರೆ ಮೊಬೈಲಿನ ಪರದೆಗೆ ತಕ್ಕಷ್ಟು ಕುಗ್ಗಿಸಬೇಕಾಗುತ್ತದೆ. ಕನ್ನಡ, ತುಳು ವಿಕಿಪೀಡಿಯಗಳೆರಡನ್ನೂ ನಡೆಸುವ ಮೀಡಿಯಾವಿಕಿ ತಂತ್ರಾಂಶ ಪಿಎಚ್‌ಪಿ ಭಾಷೆಯಲ್ಲಿದೆ. ಚಿತ್ರ ಕುಗ್ಗಿಸುವ ಕೆಲಸವನ್ನು ಅದು ಇಮೇಜ್‌ಮ್ಯಾಜಿಕ್ ಎಂಬ ಬೇರೆ ಪ್ರೋಗ್ರಾಮಿಗೆ ಒಪ್ಪಿಸಬಲ್ಲದು. ಒಪ್ಪಿಸಲು ಸರ್ವರಿನ ಶೆಲ್‌ಗೆ, ಎಂದರೆ ಕಮಾಂಡುಗಳನ್ನು ಓದಿ ನಡೆಸುವ ಪ್ರೋಗ್ರಾಮಿಗೆ, ಕಮಾಂಡ್ ಕೊಡಬೇಕು. ಅಪಾಯ ಶುರುವಾಗುವುದು ಇಲ್ಲೇ.

ಯಾರೋ ಕೊಟ್ಟ ಫೈಲಿನ ಹೆಸರನ್ನು ಹಾಗೆಯೇ ಕಮಾಂಡಿಗೆ ಅಂಟಿಸಿದರೆ, ಹೆಸರಿನೊಳಗೆ ಒಂದು ಅರ್ಧವಿರಾಮವಿದ್ದರೂ ಸಾಕು, ಅದರ ಮುಂದಿನದೆಲ್ಲ ಹೊಸ ಕಮಾಂಡ್ ಆಗಿ ನಡೆಯುತ್ತದೆ. ತಡೆಯಲು ಪಿಎಚ್‌ಪಿಯಲ್ಲಿ ಎಸ್ಕೇಪ್‌ಶೆಲ್‌ಆರ್ಗ್ ಎಂಬ ಫಂಕ್ಷನ್ ಇದೆ. ಹೆಸರಿನ ಸುತ್ತ ಉದ್ಧರಣ ಚಿಹ್ನೆ ಹಾಕಿ ಅದನ್ನು ಬರೀ ಹೆಸರಾಗಿಯೇ ಉಳಿಸುತ್ತದೆ. ಆದರೆ ಸರ್ವರಿನ ಲೊಕೇಲ್ (ಭಾಷೆ, ಅಕ್ಷರಗಳ ಹೊಂದಾಣಿಕೆ) ‘ಸಿ’ ಆಗಿದ್ದರೆ ಕನ್ನಡದ ಅಕ್ಷರಗಳನ್ನೇ ಸದ್ದಿಲ್ಲದೆ ಕಿತ್ತುಹಾಕುತ್ತದೆ. ಕನ್ನಡದಲ್ಲಿ ‘ಬಾಹುಬಲಿ’ ಎಂದು ಹೆಸರಿಟ್ಟ ಫೈಲಿಗೆ ಕೊನೆಯ ಚುಕ್ಕಿ, ಇಂಗ್ಲಿಷಿನ ಜೆಪಿಜಿ ಮಾತ್ರ ಉಳಿಯುತ್ತವೆ. ತಾಯ್ನುಡಿಯಲ್ಲಿ ಹೆಸರಿಟ್ಟವರಿಗೆ ಇದು ಸಣ್ಣ ಅನ್ಯಾಯವಲ್ಲ. ಮೀಡಿಯಾವಿಕಿ ಬರೆದವರು ಇದನ್ನು ಕಂಡು ಲೊಕೇಲನ್ನು ಯುಟಿಎಫ್-8ಕ್ಕೆ ಹೊಂದಿಸಿದರು. ಅವರ ಮೇಲೆ ನನಗೆ ಗೌರವ ಮೂಡಿದ್ದು ಇಲ್ಲಿಂದಲೇ. 2017ರ 1.30ನೇ ಆವೃತ್ತಿಯಲ್ಲಿ ಕಮಾಂಡಿಗೆಂದೇ ಒಂದು ದಾರಿ ಮಾಡಿದರು: ಪ್ರತಿ ಪದವನ್ನೂ ಬಿಡಿಬಿಡಿಯಾಗಿ ಕೊಟ್ಟರೆ ಸಾಕು, ಕಟ್ಟುವ ಹೊಣೆ ತಂತ್ರಾಂಶದ್ದು. ಉದ್ಧರಣ ಚಿಹ್ನೆ ಹಾಕಲು ಮರೆಯುವ ಪ್ರಶ್ನೆಯೇ ಬಾರದು.

ಆದರೂ ಇಷ್ಟು ಸಾಲದು. 2016ರ ಮೇ ತಿಂಗಳಲ್ಲಿ ಬಯಲಾದ ‘ಇಮೇಜ್‌ಟ್ರ್ಯಾಜಿಕ್’ ದೋಷದಲ್ಲಿ ಕೇಡು ಅಡಗಿದ್ದದ್ದು ಹೆಸರಿನಲ್ಲಲ್ಲ, ಚಿತ್ರದ ಫೈಲಿನೊಳಗೆ. ಇಮೇಜ್‌ಮ್ಯಾಜಿಕ್ ತಾನೇ ಶೆಲ್ಲನ್ನು ಕರೆಯುತ್ತಿತ್ತು. ವಿಕಿಪೀಡಿಯದ ಪುಟಗಳಲ್ಲಿ ಸ್ವರಲಿಪಿ ಮುದ್ರಿಸುವ ಲಿಲಿಪಾಂಡ್ ಪ್ರೋಗ್ರಾಮಿನಲ್ಲೂ ಇದೇ ಕಥೆ: ಅದರ ಹೊಟ್ಟೆಯಲ್ಲಿ ಸ್ಕೀಮ್ ಎಂಬ ಪೂರ್ಣ ಪ್ರೋಗ್ರಾಮಿಂಗ್ ಭಾಷೆಯಿದೆ. ಸ್ವರ ಬರೆಯುವ ಜಾಗದಲ್ಲಿ ಪ್ರೋಗ್ರಾಮನ್ನೇ ಬರೆದು ಸರ್ವರಿಗೆ ಕೈಹಾಕಬಹುದಿತ್ತು. 2020ರಲ್ಲಿ ವಿಕಿಪೀಡಿಯ ಸ್ವರಲಿಪಿಯ ಸೌಲಭ್ಯವನ್ನೇ ನಿಲ್ಲಿಸಿತು. ಮರುವರ್ಷ ಇಂಥ ಕಮಾಂಡುಗಳನ್ನು ಮುಖ್ಯ ಸರ್ವರಿನಿಂದ ಪ್ರತ್ಯೇಕಿಸಿ ನಡೆಸುವ ‘ಶೆಲ್‌ಬಾಕ್ಸ್’ ಬಂದ ಮೇಲಷ್ಟೇ ಅದು ಮರಳಿತು.

ನಿಲ್ಲಿಸಿದ್ದು ಸರಿ, ಪ್ರತ್ಯೇಕಿಸಿದ್ದು ಇನ್ನೂ ಸರಿ. ಆದರೆ ತಡವಾಯಿತು, ಇಮೇಜ್‌ಟ್ರ್ಯಾಜಿಕ್ ಕಂಡಾಗಲೇ ಈ ಗೋಡೆ ಎಬ್ಬಿಸಬೇಕಿತ್ತು. ವಿಕಿಪೀಡಿಯಕ್ಕಿರುವಂಥ ಎಂಜಿನಿಯರುಗಳ ಪಡೆ ಇಲ್ಲದ ನಮ್ಮ ಊರುಗಳ ಸಣ್ಣ ತಾಣಗಳು ಚಿತ್ರ ಕುಗ್ಗಿಸಲೆಂದು ಶೆಲ್ಲಿಗೆ ಹೋಗಲೇಬಾರದು. ಪಿಎಚ್‌ಪಿಯ ಜೊತೆಗೇ ಸಿಗುವ ಜಿಡಿ ಲೈಬ್ರರಿ ಆ ಕೆಲಸವನ್ನು ಒಳಗೊಳಗೇ ಮುಗಿಸುತ್ತದೆ.